ಪ್ಲೇಟಿಗೆ ತಕ್ಕ ಮುಳ್ಳು

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಸದ್ದಿನಿಂದ ಮಾತು ಶುರು ಮಾಡುತ್ತೇನೆ. 1959ರ ಮಾರ್ಚ್ 2. ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಕಂಪನಿಯ ಸ್ಟುಡಿಯೊ, ಅದಕ್ಕೂ ಮುಂಚೆ ಚರ್ಚ್ ಆಗಿದ್ದ ಕಟ್ಟಡ. ಅಮೆರಿಕದ ಜಾಝ್ ವಾದಕ ಮೈಲ್ಸ್ ಡೇವಿಸ್ ಟ್ರಂಪೆಟ್ ಎತ್ತಿಕೊಂಡು ತಮ್ಮ ಸರದಿ ಆರಂಭಿಸುವ ಗಳಿಗೆಗೆ ಸರಿಯಾಗಿ, ಹಿಂದೆ ಡ್ರಮ್ಸ್ ಮುಂದೆ ಕೂತ ಜಿಮ್ಮಿ ಕಾಬ್ ಸಿಂಬಲ್ ಎಂಬ ಕಂಚಿನ ತಟ್ಟೆಯ ಮೇಲೆ ಒಂದು ಪೆಟ್ಟು ಹಾಕುತ್ತಾರೆ. ಒಂದೇ ಪೆಟ್ಟು. ಮೊಬೈಲಿನಲ್ಲಿ ಕೇಳಿದರೆ ಅದು 'ಛಳ್' ಎಂದು ಮುಗಿದುಹೋಗುತ್ತದೆ. ನನ್ನ ಕೋಣೆಯಲ್ಲಿ, ಗ್ರಾಮಫೋನ್ ಪ್ಲೇಟಿನ ಮೇಲೆ ಸರಿಯಾಗಿ ಹೊಂದಿಸಿದ ಮುಳ್ಳಿನ ಕೆಳಗೆ, ಆ ಕಂಚಿನ ನಾದ ಟ್ರಂಪೆಟ್ಟಿನ ಅಡಿಯಲ್ಲಿ ಹರಡಿಕೊಂಡು, ತೆಳುವಾಗುತ್ತ ಆಗುತ್ತ, ದೇವಸ್ಥಾನದ ಗಂಟೆಯ ಹಾಗೆ ಕರಗುತ್ತದೆ. ಅದು ಪೂರ್ತಿ ಕರಗುವವರೆಗೆ ನಾನು ಉಸಿರು ಬಿಡುವುದಿಲ್ಲ.

ಆ ಎಲ್.ಪಿ.ಯ, ಅಂದರೆ ನಿಮಿಷಕ್ಕೆ 33⅓ ಸುತ್ತು ತಿರುಗುವ ಪ್ಲೇಟಿನ, ಹೆಸರು 'ಕೈಂಡ್ ಆಫ್ ಬ್ಲೂ'. ನಾನು ಜಾಝ್ ಕಡೆಗೆ ಬಂದದ್ದು ಕಛೇರಿ ಕೇಳುವ ಚಟದಿಂದ. ನಮ್ಮಲ್ಲಿ ಮನೋಧರ್ಮ ಎನ್ನುತ್ತೇವಲ್ಲ, ಜಾಝ್‌ನ ಜೀವವೂ ಅದೇ. ಈ ಎಲ್.ಪಿ.ಯ ಮೊದಲ ಹಾಡಿನ ಸ್ವರಗಳನ್ನು ಬಿಡಿಸಿ ನೋಡಿದರೆ ನಮ್ಮ ಖರಹರಪ್ರಿಯದ ಸ್ವರಗಳೇ ಸಿಗುತ್ತವೆ. ಹದಿನಾರು ಆವರ್ತ ಹಾಗೆ ನಡೆದು, ಎಂಟು ಆವರ್ತ ಷಡ್ಜವೇ ಅರ್ಧ ಸ್ವರ ಮೇಲೇರಿ, ಮತ್ತೆ ಎಂಟು ಆವರ್ತ ಮೊದಲ ಜಾಗಕ್ಕೆ ಇಳಿಯುತ್ತದೆ. ಅದೇ ಚೌಕಟ್ಟಿನೊಳಗೆ ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್, ಕ್ಯಾನನ್‌ಬಾಲ್ ಆಡರ್ಲಿ ಒಬ್ಬರಾದ ಮೇಲೆ ಒಬ್ಬರು ಕಲ್ಪನಾಸ್ವರ ಹಾಕಿದಂತೆ ಬಾರಿಸುತ್ತಾರೆ. ಇದನ್ನು ಕಂಡುಕೊಂಡ ದಿನ ನನಗಾದ ಸಂತೋಷ ಈಗಲೂ ಇಳಿದಿಲ್ಲ.

ಆದರೆ ಶ್ರುತಿಪೆಟ್ಟಿಗೆಯನ್ನು ಆ ಹಾಡಿನ ಷಡ್ಜವಾದ ಎರಡು ಮನೆಗೆ ಇಟ್ಟು ಕೇಳಿದರೆ ಹಳೆಯ ಅಚ್ಚಿನ ಮೊದಲ ಬದಿ ಸೇರುವುದಿಲ್ಲ, ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ. ನನ್ನ ಯಂತ್ರದ ತಪ್ಪೆಂದೇ ತಿಳಿದಿದ್ದೆ. ಟರ್ನ್‌ಟೇಬಲ್ಲಿನ ವೇಗ ಪರೀಕ್ಷಿಸಲು ಒಂದು ಹಳೆಯ ಉಪಾಯವಿದೆ: 180 ಕಪ್ಪು ಗೀಟುಗಳಿರುವ ಕಾಗದದ ಚಕ್ರವನ್ನು ಮೇಲಿಟ್ಟು, ಚೋಕ್ ಇರುವ ಟ್ಯೂಬ್‌ಲೈಟಿನ ಕೆಳಗೆ ತಿರುಗಿಸುವುದು. ನಮ್ಮ ಕರೆಂಟು 50 ಸೈಕಲ್ಲಿನದು, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಚಕ್ರ ನಿಮಿಷಕ್ಕೆ ಸರಿಯಾಗಿ 33⅓ ಸುತ್ತು ತಿರುಗಿದರೆ ಗೀಟುಗಳು ಅಲುಗಾಡದೆ ನಿಂತ ಹಾಗೆ ಕಾಣುತ್ತವೆ. ಎಲ್‌ಇಡಿ ದೀಪಗಳು ಹೆಚ್ಚಿನವು ಹೀಗೆ ಮಿನುಗುವುದಿಲ್ಲ. ಮನೆಯಲ್ಲಿ ಎಲ್ಲ ದೀಪ ಬದಲಾಯಿಸಿದಾಗ ಈ ಕೋಣೆಯ ಟ್ಯೂಬ್‌ಲೈಟನ್ನು ಮಾತ್ರ ಮುಟ್ಟಗೊಡಲಿಲ್ಲ. ಗೀಟುಗಳು ಕಲ್ಲಿನ ಹಾಗೆ ನಿಂತಿದ್ದವು. ತಪ್ಪು ನನ್ನ ಯಂತ್ರದ್ದಲ್ಲ, ಅಂದು ಸ್ಟುಡಿಯೊದಲ್ಲಿದ್ದ ಟೇಪ್ ಯಂತ್ರದ್ದು. ಮುದ್ರಿಸುವಾಗ ಅದು ಕೊಂಚ ನಿಧಾನವಾಗಿ ಓಡಿತ್ತು, ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಪ್ಲೇಟಿನಲ್ಲಿ ಶ್ರುತಿ ಏರಿತು. 1992ರ ಮರುಮುದ್ರಣದವರೆಗೆ ಜಗತ್ತೆಲ್ಲ ಆ ಏರಿದ ಶ್ರುತಿಯಲ್ಲೇ ಅದನ್ನು ಕೇಳಿತು.

ಪ್ಲೇಟು ಸಂಗ್ರಹಿಸುವವರು ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಪ್ರತಿ ಪ್ಲೇಟೂ ಒಂದು ನಿರ್ದಿಷ್ಟ ವೇಗಕ್ಕೆ, ಒಂದು ನಿರ್ದಿಷ್ಟ ಮುಳ್ಳಿಗೆ ಎಂದೇ ಕೊರೆದದ್ದು. ಎರಡರಲ್ಲಿ ಒಂದು ತಪ್ಪಿದರೂ ನಾವು ಕೇಳುವುದು ಬೇರೇನನ್ನೋ.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟನ್ನೇ ತೆಗೆದುಕೊಳ್ಳಿ. ಅದು ಕಲ್ಲಿನ ಪುಡಿಯನ್ನು ಅರಗಿನಲ್ಲಿ ಕಲಸಿ ಒತ್ತಿದ್ದು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅದೇ ಅರಗು. ಲೂಯಿ ಆರ್ಮ್‌ಸ್ಟ್ರಾಂಗ್ 1920ರ ದಶಕದಲ್ಲಿ ನುಡಿಸಿದ್ದು ಮನೆಮನೆಗೆ ತಲುಪಿದ್ದು ಅರಗಿನ ಮೇಲೆ. ಜಗತ್ತಿನ ಅರಗಿನ ಬಹುಪಾಲು ಹೋಗುತ್ತಿದ್ದದ್ದು ಭಾರತದ ಕಾಡುಗಳಿಂದ. ಎರಡನೇ ಮಹಾಯುದ್ಧದಲ್ಲಿ ಹಡಗುಗಳ ಓಡಾಟಕ್ಕೆ ಅಡ್ಡಿಯಾದಾಗ ಅಮೆರಿಕದಲ್ಲಿ ಅರಗಿಗೆ ನಿರ್ಬಂಧ ಬಂತು, ಹಳೆಯ ಪ್ಲೇಟುಗಳನ್ನು ವಾಪಸು ಪಡೆದು ಪುಡಿ ಮಾಡಿ ಹೊಸದನ್ನು ಒತ್ತಿದರು. ಎಷ್ಟು ಜಾಝ್ ಹಾಗೆ ಪುಡಿಯಾಯಿತೋ ಎಂದು ನೆನೆದಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಪ್ಲೇಟಿನಲ್ಲಿ ಮುಳ್ಳು ಓಡುವ ಗೆರೆ ಅಗಲ. ಅದಕ್ಕೆ ಬೇಕಾದ ಮುಳ್ಳಿನ ತುದಿಯ ತ್ರಿಜ್ಯ ಇಂಚಿನ ಸಾವಿರದಲ್ಲಿ ಮೂರು ಭಾಗ. 1948ರಲ್ಲಿ ಕೊಲಂಬಿಯಾ ತಂದ ಎಲ್.ಪಿ.ಗೆ ಒಂದು ಭಾಗ ಸಾಕು, ಅದರ ಹತ್ತು ವರ್ಷಕ್ಕೆ ಬಂದ, ಎಡಕ್ಕೂ ಬಲಕ್ಕೂ ಬೇರೆ ಬೇರೆ ಸದ್ದು ಕೊಡುವ ಸ್ಟೀರಿಯೊಗೆ ಇನ್ನೂ ಕಡಿಮೆ. ಎಲ್.ಪಿ. ಮುಳ್ಳನ್ನು ಅರಗಿನ ಪ್ಲೇಟಿನ ಮೇಲಿಟ್ಟರೆ ಅದು ಗೆರೆಯ ಗೋಡೆಗೆ ತಾಗದೆ ತಳಕ್ಕೆ ಇಳಿದು, ಅಲ್ಲಿ ಕೂತ ಧೂಳನ್ನೇ ನಮಗೆ ಕೇಳಿಸುತ್ತದೆ. 'ಹಳೇ ಪ್ಲೇಟು ಬರೀ ಕರಕರ' ಎಂದು ಮೂಲೆಗೆ ತಳ್ಳಿದ ಎಷ್ಟೋ ಪ್ಲೇಟುಗಳಲ್ಲಿ ಹಾಡು ಸುರಕ್ಷಿತವಾಗಿಯೇ ಇದೆ. ನನ್ನಲ್ಲಿ ಮೂರು ಮುಳ್ಳುಗಳಿವೆ, ಮೂರು ಡಬ್ಬಿಗಳಲ್ಲಿ. ಕನ್ನಡಕಕ್ಕಿಂತ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಕನ್ನಡಕ ಎಂದೊಡನೆ ರೂಡಿ ವ್ಯಾನ್ ಗೆಲ್ಡರ್ ನೆನಪಾಗುತ್ತಾರೆ. ಹಗಲು ಹೊತ್ತು ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಬರೆದುಕೊಡುವ ವೃತ್ತಿ. ಸಂಜೆಯಾದರೆ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್ ಊರಿನಲ್ಲಿ ಅಪ್ಪ ಅಮ್ಮನ ಮನೆಯ ನಡುಮನೆಯಲ್ಲಿ ಜಾಝ್ ಧ್ವನಿಮುದ್ರಣ. 1939ರಲ್ಲಿ ಹುಟ್ಟಿದ ಬ್ಲೂ ನೋಟ್ ಕಂಪನಿಯ 1950ರ ದಶಕದ ಎಷ್ಟೋ ಹೆಸರಾಂತ ಎಲ್.ಪಿ.ಗಳು ಸೋಫಾ, ಕಿಟಕಿ ಇದ್ದ ಆ ನಡುಮನೆಯಲ್ಲಿ ಆದವು. ಕೋಲ್ಟ್ರೇನ್ 1957ರ ಸೆಪ್ಟೆಂಬರಿನಲ್ಲಿ 'ಬ್ಲೂ ಟ್ರೇನ್' ನುಡಿಸಿದ್ದೂ ಅಲ್ಲೇ. ಮುದ್ರಣವಷ್ಟೇ ಅಲ್ಲ, ಮೂಲ ತಟ್ಟೆಯಲ್ಲಿ ಗೆರೆ ಕೊರೆಯುತ್ತಿದ್ದವರೂ ಅವರೇ. ಕೊರೆದ ಮೇಲೆ, ಹಾಡು ಮುಗಿದು ಲೇಬಲ್ ಶುರುವಾಗುವ ಮುಂಚಿನ ನುಣುಪು ಜಾಗದಲ್ಲಿ ಆರ್‌ವಿಜಿ ಎಂಬ ಮೂರಕ್ಷರದ ಗುರುತು ಹಾಕುತ್ತಿದ್ದರು. ಬ್ಲೂ ನೋಟ್‌ನ ಆ ಕಾಲದ ಅಚ್ಚಾದರೆ ಅದೇ ಜಾಗದಲ್ಲಿ ಪುಟ್ಟ ಕಿವಿಯಂಥ ಇನ್ನೊಂದು ಗುರುತೂ ಇರುತ್ತದೆ. ಅದು ನಿಜಕ್ಕೂ ಪ್ಲೇಟು ಒತ್ತಿದ ಪ್ಲಾಸ್ಟಿಲೈಟ್ ಕಾರ್ಖಾನೆಯ 'ಪಿ' ಅಕ್ಷರ, ಆದರೆ ಸಂಗ್ರಾಹಕರ ಬಾಯಲ್ಲಿ ಅದು 'ಕಿವಿ'ಯೇ. ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು ಕಿವಿ ಹುಡುಕುವವರನ್ನು ಕಂಡರೆ ಹುಚ್ಚೇನೋ ಎನಿಸಬಹುದು. ಮೊದಲ ಅಚ್ಚು ಯಾವುದೆಂದು ತಿಳಿಯಲು ಅಷ್ಟು ನೋಡಲೇಬೇಕು. ನನ್ನಲ್ಲಿರುವ 'ಬ್ಲೂ ಟ್ರೇನ್' ಜಪಾನಿನ ಮರುಮುದ್ರಣ. ಕಿವಿ ಇಲ್ಲ, ಆದರೆ ಗೆರೆ ಕನ್ನಡಿಯಂತಿದೆ.

ಜಪಾನಿನವರು ಈ ವಿಷಯದಲ್ಲಿ ದೊಡ್ಡವರು. ಯೊಕೊಹಾಮಾದಲ್ಲಿ 'ಚಿಗುಸಾ' ಎಂಬ ಕಾಫಿ ಅಂಗಡಿ 1933ರಲ್ಲೇ ಶುರುವಾಯಿತು. ಹೊರದೇಶದ ಪ್ಲೇಟು ಕೊಳ್ಳಲಾಗದವರು ಇಂಥ ಅಂಗಡಿಗಳಲ್ಲಿ ಒಂದು ಲೋಟ ಕಾಫಿ ತರಿಸಿಕೊಂಡು, ಮಾತಿಲ್ಲದೆ ಕೂತು ಕೇಳುತ್ತಿದ್ದರು.

'ಬ್ಲೂ ಟ್ರೇನ್' ಕಾಲದ ಪ್ಲೇಟು ಮೋನೊ, ಅಂದರೆ ಎರಡೂ ಕಡೆ ಒಂದೇ ಸದ್ದಿನದು, ಆಗಿದ್ದರೆ ಆಂಪ್ಲಿಫೈಯರಿನ ಗುಂಡಿಯನ್ನು ಮೋನೊಗೆ ತಿರುಗಿಸಿ. ಮೋನೊ ಗೆರೆಯಲ್ಲಿ ಸಂಗೀತ ಇರುವುದು ಎಡಬಲದ ಅಲುಗಾಟದಲ್ಲಿ ಮಾತ್ರ. ಸ್ಟೀರಿಯೊ ಮುಳ್ಳು ಮೇಲೆ ಕೆಳಗೆ ಕುಣಿದದ್ದನ್ನೂ ಓದುತ್ತದೆ, ಅಲ್ಲಿರುವುದು ಬರೀ ಕಸ ಮತ್ತು ಸವಕಳಿ. ಗುಂಡಿ ತಿರುಗಿಸಿದೊಡನೆ ಆ ಗದ್ದಲ ಬಹಳಷ್ಟು ಕಳಚಿಹೋಗಿ, ಪಾಲ್ ಚೇಂಬರ್ಸ್ ಅವರ ಬಾಸ್ ತಂತಿಯ ಮೇಲಿನ ಬೆರಳು ಕೂಡ ಕೇಳುತ್ತದೆ.

ನನ್ನ ಆಂಪ್ಲಿಫೈಯರ್ ಹಳೆಯ ನಕ್ಷೆಯ ಮೇಲೆ ಹೊಸದಾಗಿ ಕಟ್ಟಿಸಿದ್ದು, ವಾಲ್ವಿನದು, ಅಂದರೆ ಟ್ರಾನ್ಸಿಸ್ಟರಿಗೆ ಮುಂಚಿನ ಗಾಜಿನ ಬುರುಡೆಗಳದು. ಇಎಲ್84 ಎಂಬ ಮಾದರಿಯ ವಾಲ್ವುಗಳು, ಒಂದು ಬದಿಗೆ ಹತ್ತು ವ್ಯಾಟ್. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಶುರು ಮಾಡಿದಾಗ ಅದು ಹೊರಟದ್ದೂ ವಾಲ್ವುಗಳ ಮೂಲಕವೇ. ಸ್ವಿಚ್ ಹಾಕಿದರೆ ಅರ್ಧ ನಿಮಿಷ ಏನೂ ಇಲ್ಲ, ನಿಧಾನಕ್ಕೆ ಗಾಜಿನೊಳಗೆ ಕಿತ್ತಳೆ ಬಣ್ಣದ ಕಿಡಿ. ಜೋರಾದಾಗ ವಾಲ್ವು ಥಟ್ಟನೆ ಒಡೆಯದೆ ಮೆಲ್ಲಗೆ ಬಾಗುತ್ತದೆ, ಅದಕ್ಕೇ ಸ್ಯಾಕ್ಸೊಫೋನ್ ಕೂಗಿದಾಗಲೂ ಕಿವಿಗೆ ಚುಚ್ಚುವುದಿಲ್ಲ.

ಒಂದು ಸಂಜೆ ಬಲಗಡೆಯ ವಾಲ್ವಿನ ಒಳಗಿನ ತಗಡೇ ಕೆಂಪಗೆ ಕಾಯತೊಡಗಿತು. ಒಬ್ಬರು ರಿಪೇರಿಯವರು ವಾಲ್ವ್ ಬದಲಾಯಿಸಿ ಹಣ ಪಡೆದರು. ತಿಂಗಳೊಳಗೆ ಮತ್ತೆ ಅದೇ. ಮತ್ತೆ ಹೊಸ ವಾಲ್ವ್. ಕೊನೆಗೆ ರೇಡಿಯೊ ರಿಪೇರಿಯಲ್ಲೇ ತಲೆ ನರೆತ ಇನ್ನೊಬ್ಬರ ಹತ್ತಿರ ಒಯ್ದೆ. ಅವರು ಮೀಟರ್ ಹಚ್ಚಿ, ಶೇಂಗಾಬೀಜದಷ್ಟಿದ್ದ ಒಂದು ಕೆಪಾಸಿಟರಿನತ್ತ ಬೆರಳು ತೋರಿಸಿ, "ವಾಲ್ವ್ ತಾನಾಗಿ ಸಾಯ್ತಿಲ್ಲ ಸಾರ್, ಇದು ಸಾಯಿಸ್ತಿದೆ" ಎಂದರು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಕೆಲವೇ ರೂಪಾಯಿಗೆ ತಂದ ಹೊಸ ಕೆಪಾಸಿಟರ್ ಹಾಕಿದ ಮೇಲೆ ಈವರೆಗೂ ತೊಂದರೆಯಿಲ್ಲ. ಒಂದು ಮಾತು, ದಯವಿಟ್ಟು ನೆನಪಿಡಿ: ಇಂಥ ಯಂತ್ರದೊಳಗೆ 300 ವೋಲ್ಟಿನಷ್ಟು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ತಿಳಿಯದೆ ಕೈ ಹಾಕಬೇಡಿ.

ಈಗ ಹಳೆಯ ಚೆಲುವಿನ ಹೊಸ ಯಂತ್ರಗಳು ಎಲ್ಲೆಡೆ ಸಿಗುತ್ತವೆ. ಕೆಲವು ನಿಜಕ್ಕೂ ಚೆನ್ನಾಗಿವೆ. ಸೂಟ್‌ಕೇಸಿನ ಆಕಾರದ ಅಗ್ಗದವುಗಳ ಬಗ್ಗೆ ಮಾತ್ರ ಎಚ್ಚರ. ಒಳ್ಳೆಯ ಮುಳ್ಳು ಪ್ಲೇಟಿನ ಮೇಲೆ ಎರಡು ಗ್ರಾಂ ಆಸುಪಾಸಿನ ಭಾರ ಹಾಕಿದರೆ, ಇಂಥವುಗಳಲ್ಲಿ ಅನೇಕವು ಅದರ ಎರಡು ಮೂರು ಪಟ್ಟು ಹಾಕುತ್ತವೆ. ಅರವತ್ತು ವರ್ಷ ಉಳಿದು ಬಂದ ಪ್ಲೇಟಿಗೆ ಆ ಶಿಕ್ಷೆ ಬೇಡ. ಆ ದುಡ್ಡಿಗೆ ಹಳೆಯದೊಂದು ಗಟ್ಟಿ ಟರ್ನ್‌ಟೇಬಲ್ ಕೊಂಡು, ಹೊಸ ಬೆಲ್ಟು, ಹೊಸ ಮುಳ್ಳು ಹಾಕಿಸಿ.

ನನ್ನ ಜಾಝ್ ಕಪಾಟಿನಲ್ಲಿ ನಮ್ಮೂರಿನ ಪ್ಲೇಟೂ ಒಂದಿದೆ. ಬಾಸ್ಟನ್ನಿನಲ್ಲಿ ಹುಟ್ಟಿದ ಚಾರ್ಲಿ ಮಾರಿಯಾನೊ, ಚಾರ್ಲ್ಸ್ ಮಿಂಗಸ್ ತಂಡದಲ್ಲಿ ಸ್ಯಾಕ್ಸೊಫೋನ್ ನುಡಿಸಿದವರು, ಮುಂದೆ ನಾದಸ್ವರ ಕಲಿತರು. 1983ರಲ್ಲಿ ಅವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ ಜರ್ಮನಿಯಲ್ಲಿ ಮುದ್ರಿಸಿದ ಎಲ್.ಪಿ.ಯ ಹೆಸರು 'ಜ್ಯೋತಿ'. ಹೊರತಂದದ್ದು ಮ್ಯೂನಿಕ್‌ನ ಇಸಿಎಂ ಕಂಪನಿ. ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ, ಜೊತೆಗೆ ಘಟ, ಖಂಜಿರ. ರಮಾಮಣಿಯವರ ದನಿ ಒಂದು ಸ್ವರದ ಮೇಲೆ ನಿಂತಾಗ ಸ್ಯಾಕ್ಸೊಫೋನ್ ಅದರ ಪಕ್ಕಕ್ಕೆ ಬಂದು ಕೂರುತ್ತದೆ, ಒಂದು ಕ್ಷಣ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಇವತ್ತು ರಾತ್ರಿ ನಾನು ಹಾಕಲಿರುವುದು ಅದನ್ನೇ. ಸ್ಟೀರಿಯೊ ಮುಳ್ಳಿನ ಡಬ್ಬಿ ಮೇಜಿನ ಮೇಲೆ ತೆಗೆದಿಟ್ಟು ಬಂದಿದ್ದೇನೆ.

ನಮಸ್ಕಾರ.