ಬಾವಿಯೂ ಇಲ್ಲೇ, ಗುಂಡಿಯೂ ಇಲ್ಲೇ: ಲುಸಾಕಾದ ಕಂಪೌಂಡ್‌ಗಳಲ್ಲಿ ನೀರು ಮತ್ತು ಕಕ್ಕಸು

ಎಲ್ಲರಿಗೂ ನಮಸ್ಕಾರ.

ಆಫ್ರಿಕಾದ ನಗರಗಳ ಅಂಚಿನಲ್ಲಿ ಇರುವವರಿಗೆ ಒಳ್ಳೆಯ ನೀರು, ಒಳ್ಳೆಯ ಕಕ್ಕಸು ಎಷ್ಟರ ಮಟ್ಟಿಗೆ ಸಿಗುತ್ತಿದೆ ಎಂಬುದು ಇವತ್ತಿನ ವಿಷಯ. ಆಫ್ರಿಕಾದಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳಿವೆ. ಎಲ್ಲವನ್ನೂ ಒಟ್ಟಿಗೆ ಹೇಳಹೊರಟರೆ ಯಾವ ಊರಿಗೂ ನ್ಯಾಯ ಸಿಗುವುದಿಲ್ಲ. ಹಾಗಾಗಿ ಒಂದೇ ಊರನ್ನು ಹಿಡಿದುಕೊಂಡಿದ್ದೇನೆ. ಅದು ಜಾಂಬಿಯಾದ ರಾಜಧಾನಿ ಲುಸಾಕಾ.

ನಾನು ಹೇಳಬೇಕೆಂದಿರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಊರಿನಲ್ಲಿ ನೀರಿನ ಯೋಜನೆ ಬೇರೆ, ಕಕ್ಕಸಿನ ಯೋಜನೆ ಬೇರೆ ಎಂದು ನೋಡಲು ಬರುವುದಿಲ್ಲ. ಕಕ್ಕಸು ಗುಂಡಿ ಖಾಲಿ ಮಾಡುವ ಕೆಲಸಕ್ಕೂ ನಲ್ಲಿ ಹಾಕಿಸುವ ಕೆಲಸಕ್ಕೆ ಸಿಗುವಷ್ಟೇ ದುಡ್ಡು ಸಿಗಬೇಕು, ಅಷ್ಟೇ ಮರ್ಯಾದೆ ಸಿಗಬೇಕು.

ಬ್ರಿಟಿಷರು 1935ರಲ್ಲಿ ರಾಜಧಾನಿಯನ್ನು ಲಿವಿಂಗ್‌ಸ್ಟನ್‌ನಿಂದ ಲುಸಾಕಾಕ್ಕೆ ತಂದರು. ಅಗಲ ರಸ್ತೆ, ಬಂಗಲೆ, ತೋಟ ಎಲ್ಲ ಬಿಳಿಯರಿಗಾಗಿ ಹಾಕಿದ ನಕ್ಷೆ. ಕೂಲಿಗೆ ಬಂದ ಆಫ್ರಿಕನ್ನರಿಗೆ ಊರಲ್ಲಿ ಕಾಯಂ ನೆಲೆ ಇರಲಿಲ್ಲ. 1964ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಹಳ್ಳಿಗಳಿಂದ ಜನ ಜಾಸ್ತಿ ಬಂದರು. ಊರಂಚಿನಲ್ಲಿ ತಾವೇ ಇಟ್ಟಿಗೆ ಜೋಡಿಸಿ ಮನೆ ಕಟ್ಟಿಕೊಂಡರು. ಇಂಥ ಬಡಾವಣೆಗಳಿಗೆ ಅಲ್ಲಿ ಕಂಪೌಂಡ್ ಎನ್ನುತ್ತಾರೆ. ಕನ್ಯಾಮಾ, ಜಾರ್ಜ್, ಚಿಪಾಟಾ, ಚಾವಾಮಾ ಇವೆಲ್ಲ ಹಾಗೆ ಬೆಳೆದವು. 1974ರ ಒಂದು ಕಾನೂನು ಕೆಲವು ಕಂಪೌಂಡ್‌ಗಳನ್ನು ಒಪ್ಪಿಕೊಂಡು, ಅಲ್ಲಿನವರಿಗೆ ವಾಸದ ಪರವಾನಗಿ ಕೊಡಲು ದಾರಿ ಮಾಡಿತು. ಇವತ್ತು ಲುಸಾಕಾದ ಸುಮಾರು ಶೇ. 70ರಷ್ಟು ಜನ ಇಂಥ ಕಡೆಯೇ ಇದ್ದಾರೆ. ಊರಂಚು ಎನ್ನುತ್ತೇವೆ, ಆದರೆ ಊರಿನ ಹೆಚ್ಚುಕಡಿಮೆ ಮುಕ್ಕಾಲು ಭಾಗ ಅಲ್ಲೇ ಇದೆ ಅಲ್ವಾ?

ಈಗ ಅಲ್ಲಿನ ನೆಲ ನೋಡೋಣ. ಲುಸಾಕಾದ ಬಹುಭಾಗ ಕೂತಿರುವುದು ಸುಣ್ಣಕಲ್ಲು ಮತ್ತು ಡಾಲಮೈಟ್ ಬಂಡೆಯ ಮೇಲೆ. ಮಳೆನೀರು ಈ ಕಲ್ಲನ್ನು ಸಾವಿರಾರು ವರ್ಷ ಕರಗಿಸಿದೆ. ಒಳಗೆಲ್ಲ ಬಿರುಕು, ಸಂದು, ಪೊಟರೆ. ಅವುಗಳಲ್ಲಿ ನೀರು ಧಾರಾಳವಾಗಿ ನಿಲ್ಲುತ್ತದೆ. ನಗರದ ನೀರಿನಲ್ಲಿ ಒಂದು ಪಾಲು ಸುಮಾರು 50 ಕಿ.ಮೀ. ದೂರದ ಕಫುಯೆ ನದಿಯಿಂದ ಬರುತ್ತದೆ. ಇನ್ನೊಂದು ದೊಡ್ಡ ಪಾಲು ಬೋರ್‌ವೆಲ್‌ಗಳದ್ದು. ಅಂದರೆ ಊರಿನ ಕಾಲ ಕೆಳಗಿನ ನೀರನ್ನೇ ಊರು ಕುಡಿಯುತ್ತದೆ.

ತೊಂದರೆ ಶುರುವಾಗುವುದು ಇಲ್ಲೇ. ಮಣ್ಣು ದಪ್ಪವಾಗಿದ್ದರೆ ಕೊಳೆನೀರು ಅದರೊಳಗೆ ನಿಧಾನವಾಗಿ ಇಳಿಯುತ್ತದೆ. ದಾರಿಯಲ್ಲಿ ಬಹಳಷ್ಟು ರೋಗಾಣುಗಳು ಸಾಯುತ್ತವೆ. ಕಲ್ಲಿನ ಬಿರುಕಿನಲ್ಲಿ ಅದು ಸರಸರ ಹರಿದುಬಿಡುತ್ತದೆ. ಬಾವಿಗೂ ಗುಂಡಿಗೂ ನಡುವೆ ಇಷ್ಟು ಮೀಟರ್ ಅಂತರ ಬಿಡಿ ಎಂಬ ನಿಯಮ ಇಂಥ ನೆಲದಲ್ಲಿ ಕೈಕೊಡುತ್ತದೆ. ಅಂತರ ಬಿಡಲು ಅಲ್ಲಿ ಜಾಗವಾದರೂ ಎಲ್ಲಿದೆ? ಒಂದು ಸಣ್ಣ ನಿವೇಶನದಲ್ಲಿ ಮಾಲೀಕನ ಮನೆ, ಬಾಡಿಗೆಯ ಕೆಲವು ಕೋಣೆಗಳು, ಎಲ್ಲರಿಗೂ ಸೇರಿ ಒಂದು ಗುಂಡಿ ಕಕ್ಕಸು. ಒಳಚರಂಡಿ ಪೈಪು ಕಂಪೌಂಡ್‌ಗಳನ್ನು ಹೆಚ್ಚುಕಡಿಮೆ ಮುಟ್ಟಿಯೇ ಇಲ್ಲ.

ಕನ್ಯಾಮಾದಲ್ಲಿ ಕಲ್ಲು ಮೇಲೆಯೇ ಸಿಗುತ್ತದೆ. ಆಳವಾಗಿ ತೋಡಲು ಆಗುವುದಿಲ್ಲ. ಅಲ್ಲಿ ಮಳೆಗಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಆಗ ಅಂತರ್ಜಲ ಮೇಲೇರಿ ಗುಂಡಿಯೊಳಗೆ ಬರುತ್ತದೆ. ಗುಂಡಿ ಉಕ್ಕಿ ಓಣಿಗೆ ಹರಿಯುತ್ತದೆ. ಆ ಓಣಿಯಲ್ಲೇ ಕೈಯಲ್ಲಿ ತೋಡಿದ, ಆಳವಿಲ್ಲದ ಬಾವಿಯೂ ಇರುತ್ತದೆ.

ಹಾಗಾದರೆ ಜನ ಆ ಬಾವಿಯ ನೀರು ಯಾಕೆ ತರುತ್ತಾರೆ? ತಿಳಿವಳಿಕೆ ಇಲ್ಲ ಎಂದು ಸುಮ್ನೆ ಹೇಳಿಬಿಡುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ಕಂಪೌಂಡ್‌ಗಳಲ್ಲಿ ನೀರಿನ ಕಿಯೋಸ್ಕ್‌ಗಳಿವೆ. ಪುಟ್ಟ ಗೂಡಂಗಡಿ, ಅದರೊಳಗೆ ನಲ್ಲಿ, ದುಡ್ಡು ತೆಗೆದುಕೊಂಡು ನೀರು ಬಿಡುವ ಒಬ್ಬರು. ಸಾಮಾನ್ಯವಾಗಿ 20 ಲೀಟರಿನ ಕ್ಯಾನಿಗೆ ಇಷ್ಟು ಎಂದು ಲೆಕ್ಕ. ಆ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಬಾವಿಯದಕ್ಕಿಂತ ಎಷ್ಟೋ ಮೇಲು. ಆದರೆ ಕಿಯೋಸ್ಕ್‌ಗೆ ಹೊತ್ತುಗೊತ್ತು ಇದೆ. ರಾತ್ರಿ ಅದು ಮುಚ್ಚಿರುತ್ತದೆ. ತುಂಬಿದ ಕ್ಯಾನು 20 ಕಿಲೋ ಭಾರ. ಹೊರುವವರು ಹೆಂಗಸರು, ಹೆಣ್ಣುಮಕ್ಕಳು. ತಿಂಗಳ ಕೊನೆಯಲ್ಲಿ ಕೈಯಲ್ಲಿ ಚಿಲ್ಲರೆ ಇಲ್ಲದಾಗ, ಬಟ್ಟೆಗೂ ಪಾತ್ರೆಗೂ ದುಡ್ಡು ಕೊಟ್ಟು ನೀರು ತರುವುದು ಹೇಗೆ? ಬಾವಿ ಪಕ್ಕದಲ್ಲಿದೆ, ಪುಕ್ಕಟೆ. ತೊಳೆಯಲು ತಂದ ನೀರು ಮಗುವಿನ ಬಾಯಿಗೂ ಹೋಗುತ್ತದೆ.

ಕರೆಂಟಿನದು ಇನ್ನೊಂದು ಸಂಕಟ. ಜಾಂಬಿಯಾದ ವಿದ್ಯುತ್ತಿನ ಬಹುಪಾಲು ಜಲವಿದ್ಯುತ್. 2024ರ ಬರಗಾಲದಲ್ಲಿ ಕರಿಬಾ ಜಲಾಶಯ ತೀರಾ ಇಳಿದುಹೋಯಿತು. ದಿನದ ಬಹುಪಾಲು ಗಂಟೆ ಕರೆಂಟ್ ಇಲ್ಲದ ಸ್ಥಿತಿ ಬಂತು. ಕರೆಂಟ್ ಇಲ್ಲದಿದ್ದರೆ ಬೋರ್‌ವೆಲ್ ಪಂಪ್ ಓಡುವುದಿಲ್ಲ, ಕಿಯೋಸ್ಕ್‌ನಲ್ಲಿ ನೀರು ಬರುವುದಿಲ್ಲ.

ಕ್ಲೋರಿನ್ ಬಗ್ಗೆಯೂ ಒಂದು ಮಾತು. ಅದು ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ಗುಂಡಿಗಳಿಂದ ಇಳಿಯುವ ನೈಟ್ರೇಟ್ ಎಂಬ ರಾಸಾಯನಿಕವನ್ನು ಅದು ಏನೂ ಮಾಡುವುದಿಲ್ಲ. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ. ಇಂಥ ನೀರಿನಲ್ಲಿ ಕಲಸಿದ ಬಾಟಲಿ ಹಾಲು ಕುಡಿಯುವ ಹಸುಗೂಸುಗಳಿಗೆ ಅದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 50 ಮಿಲಿಗ್ರಾಂ. ಹೀಗಾಗಿ ನೀರನ್ನು ಶುದ್ಧ ಮಾಡಿ ಕೊಟ್ಟರೆ ಸಾಕು, ಗುಂಡಿಯ ಗೊಡವೆ ಯಾಕೆ ಎಂದು ಕೈತೊಳೆದುಕೊಳ್ಳಲು ಆಗುವುದಿಲ್ಲ.

ಇದಕ್ಕೆಲ್ಲ ಜನ ತೆತ್ತ ಬೆಲೆ ಕಾಲರಾ. 2017ರ ಅಕ್ಟೋಬರ್‌ನಲ್ಲಿ ಲುಸಾಕಾದಲ್ಲಿ ಶುರುವಾದ ಕಾಲರಾ 2018ರ ಮೇ ಹೊತ್ತಿಗೆ ಸುಮಾರು 5,900 ಜನರಿಗೆ ತಗುಲಿತು. 114 ಜನ ತೀರಿಕೊಂಡರು. ಸರ್ಕಾರ ನೀರಿಗೆ ಕ್ಲೋರಿನ್ ಹೆಚ್ಚಿಸಿತು, ಟ್ಯಾಂಕರಿನಲ್ಲಿ ನೀರು ಕಳಿಸಿತು, ಬೀದಿ ವ್ಯಾಪಾರ ನಿಲ್ಲಿಸಿತು, ಜನವರಿಯಲ್ಲಿ ಬಾಯಿಗೆ ಹಾಕುವ ಲಸಿಕೆಯ ದೊಡ್ಡ ಅಭಿಯಾನ ನಡೆಸಿತು. ಕಾಯಿಲೆ ಇಳಿಯಿತು. ಮಾರ್ಚ್ ನಡುವೆ ಒಂದು ಕಡೆ ಜೋರು ಮಳೆ ಬಂದು ನೆರೆ, ಇನ್ನೊಂದು ಕಡೆ ನಲ್ಲಿಯಲ್ಲಿ ನೀರಿಲ್ಲ. ಮತ್ತೆ ಏರಿತು. ನೆರೆಯೂ ನೀರಿನ ಬರವೂ ಒಟ್ಟಿಗೆ ಬರುವುದು ಹೇಗೆ ಎಂದು ನಿಮಗೆ ಅನ್ನಿಸಬಹುದು. ಕಂಪೌಂಡ್‌ಗಳಲ್ಲಿ ಅದು ಅಪರೂಪವಲ್ಲ.

ಆರು ವರ್ಷಕ್ಕೆ ಅದು ಇನ್ನೂ ಭೀಕರವಾಗಿ ಮರಳಿತು. 2023ರ ಅಕ್ಟೋಬರ್‌ನಿಂದ ದೇಶದಲ್ಲಿ 20,000ಕ್ಕೂ ಹೆಚ್ಚು ಜನರಿಗೆ ಕಾಲರಾ ಬಂತು, 700ಕ್ಕೂ ಹೆಚ್ಚು ಜನ ಸತ್ತರು. ಲುಸಾಕಾದ ಹೀರೋಸ್ ಕ್ರೀಡಾಂಗಣವನ್ನೇ ಆಸ್ಪತ್ರೆ ಮಾಡಬೇಕಾಯಿತು. ಭಾರತ 2024ರ ಫೆಬ್ರವರಿಯಲ್ಲಿ ನೀರು ಶುದ್ಧೀಕರಿಸುವ ಸಾಮಗ್ರಿ, ಕ್ಲೋರಿನ್ ಮಾತ್ರೆ, ಓಆರ್‌ಎಸ್ ಕಳಿಸಿತು. ಹೊತ್ತಿಗೆ ಸರಿಯಾಗಿ ಓಆರ್‌ಎಸ್, ಡ್ರಿಪ್ ಸಿಕ್ಕರೆ ಕಾಲರಾದಲ್ಲಿ ನೂರಕ್ಕೆ ಒಬ್ಬರೂ ಸಾಯಬೇಕಿಲ್ಲ. ಅಲ್ಲಿ ಬಹಳ ಮಂದಿ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಈಗ ಗುಂಡಿಯ ವಿಷಯಕ್ಕೆ ಬರುತ್ತೇನೆ. ಗುಂಡಿ ತುಂಬಿದರೆ ಮುಚ್ಚಿ ಪಕ್ಕದಲ್ಲಿ ಇನ್ನೊಂದು ತೋಡುವುದು ಹಳ್ಳಿಯಲ್ಲಿ ನಡೆಯುತ್ತದೆ. ಕಂಪೌಂಡ್‌ನಲ್ಲಿ ಪಕ್ಕದ ಜಾಗ ಎಂಬುದೇ ಇಲ್ಲ. ಖಾಲಿ ಮಾಡಲೇಬೇಕು. ಹೀರುವ ಟ್ಯಾಂಕರ್ ಓಣಿಯೊಳಗೆ ಬರುವುದಿಲ್ಲ. ಬಂದರೂ ಗುಂಡಿಯಲ್ಲಿ ಬಟ್ಟೆ, ಬಾಟಲಿ, ಪ್ಲಾಸ್ಟಿಕ್ ತುಂಬಿ ಪೈಪು ಕಟ್ಟಿಕೊಳ್ಳುತ್ತದೆ. ಮೊದಲೆಲ್ಲ ಕೆಲವು ಗಂಡಸರು ರಾತ್ರಿ ಹೊತ್ತು, ಕದ್ದುಮುಚ್ಚಿ ಬಕೆಟ್ಟಿನಲ್ಲಿ ತೆಗೆದು ಅಲ್ಲೇ ಹೂಳುತ್ತಿದ್ದರು, ಇಲ್ಲ ಮೋರಿಗೆ ಸುರಿಯುತ್ತಿದ್ದರು.

ಕಳೆದ ದಶಕದ ಆರಂಭದಲ್ಲಿ ಕನ್ಯಾಮಾ ಮತ್ತು ಚಜಾಂಗಾ ಕಂಪೌಂಡ್‌ಗಳಲ್ಲಿ ಒಂದು ಒಳ್ಳೆಯ ಪ್ರಯತ್ನ ಶುರುವಾಯಿತು. ಅಲ್ಲಿ ನೀರು ಮಾರುತ್ತಿದ್ದುದು ವಾಟರ್ ಟ್ರಸ್ಟ್ ಎಂಬ ಸ್ಥಳೀಯರ ಸಂಸ್ಥೆ. ಅದೇ ಟ್ರಸ್ಟ್, ನಗರದ ಬಡವರ ನೀರು, ನೈರ್ಮಲ್ಯಕ್ಕಾಗಿ ದುಡಿಯುವ ಡಬ್ಲ್ಯೂಎಸ್‌ಯುಪಿ ಎಂಬ ಸಂಸ್ಥೆಯ ನೆರವಿನಿಂದ, ಗುಂಡಿ ತೆಗೆಯುವವರನ್ನು ಬಹಿರಂಗವಾಗಿ ಕೆಲಸಕ್ಕೆ ಸೇರಿಸಿಕೊಂಡಿತು. ಬೂಟು, ಕೈಗವಸು, ಮಾಸ್ಕ್, ಉದ್ದ ಹಿಡಿಯ ಸಲಕರಣೆ ಕೊಟ್ಟಿತು. ಮೊದಲು ಕೊಕ್ಕೆಯಿಂದ ಕಸ ಎತ್ತುವುದು, ಆಮೇಲೆ ಗುಂಡಿಯ ಮಲದ ಹೂಳನ್ನು 60 ಲೀಟರಿನ ಡ್ರಮ್ಮಿಗೆ ತುಂಬಿ ಕೈಗಾಡಿಯಲ್ಲಿ ಒಯ್ಯುವುದು. ಡ್ರಮ್ಮಿನ ಲೆಕ್ಕದಲ್ಲಿ ಶುಲ್ಕ. ನನಗೆ ಇದರಲ್ಲಿ ಹಿಡಿಸಿದ್ದು ಒಂದು ಸಂಗತಿ. ನೀರು ಕೊಡುವವರೇ ಗುಂಡಿಯನ್ನೂ ತಮ್ಮ ಕೆಲಸ ಎಂದುಕೊಂಡರು.

ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರುತ್ತದೆ. ಇದು ಮಲ ಹೊರುವ ಪದ್ಧತಿಯೇ ಅಲ್ವಾ? ಏಳಬೇಕಾದ ಪ್ರಶ್ನೆಯೇ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ನಾಡು ನಮ್ಮದು. 2013ರ ಕಾನೂನು ನಮ್ಮಲ್ಲಿ ಇದನ್ನು ಪೂರ್ತಿ ನಿಷೇಧಿಸಿದೆ. ಲುಸಾಕಾದಲ್ಲಿ ಈ ಕೆಲಸ ಹುಟ್ಟಿನಿಂದ ಅಂಟಿದ್ದಲ್ಲ, ಜಾತಿಯ ಹೊರೆ ಅದಕ್ಕಿಲ್ಲ. ಆದರೂ ಹೀಯಾಳಿಕೆ ಇದೆ, ಕಾಯಿಲೆಯ ಭಯ ಇದೆ. ಕೈಗೆ ಗವಸು ಹಾಕಿದ ಮಾತ್ರಕ್ಕೆ ಮುಗಿಯಿತು ಎನ್ನಲಾರೆ. ಓಣಿಯಲ್ಲಿ ನುಗ್ಗುವ ಸಣ್ಣ ಪಂಪು, ಸುಲಭವಾಗಿ ಹೀರಬಹುದಾದ ಗಾರೆ ಗುಂಡಿ, ಕಸಕ್ಕೆ ಬೇರೆ ವ್ಯವಸ್ಥೆ ಬಂದಷ್ಟೂ ಮನುಷ್ಯ ಆ ಕೆಲಸದಿಂದ ದೂರ ನಿಲ್ಲಬಹುದು. ಆ ಕಡೆಗೆ ಹೋಗಲೇಬೇಕು.

ಇನ್ನು ದುಡ್ಡು. ಅಮೆರಿಕದ ಮಿಲೆನಿಯಂ ಚಾಲೆಂಜ್ ನಿಧಿಯಿಂದ ಲುಸಾಕಾದ ನೀರು, ಒಳಚರಂಡಿ, ಮಳೆನೀರು ಕಾಲುವೆಗೆ ಸುಮಾರು 35 ಕೋಟಿ ಡಾಲರ್ ಬಂತು, ಆ ಕೆಲಸ 2018ರಲ್ಲಿ ಮುಗಿಯಿತು. ಬಾಂಬೆ ಡ್ರೈನ್ ಎಂದು ಕರೆಯುವ ದೊಡ್ಡ ಕಾಲುವೆ ಸರಿಯಾದದ್ದು ಆಗಲೇ. ಬೇಕಾದ ಕೆಲಸವೇ. ಆದರೆ ಒಬ್ಬ ಬಾಡಿಗೆದಾರಳ ಗುಂಡಿ ತುಂಬಿದಾಗ ದುಡ್ಡು ಯಾರು ಕೊಡಬೇಕು? ಮನೆ ನಿಮ್ಮದಲ್ಲವೇ ಎಂದು ಅವಳು, ಬಳಸುವುದು ನೀವಲ್ಲವೇ ಎಂದು ಮಾಲೀಕ. ಜಗಳ ಮುಗಿಯುವಷ್ಟರಲ್ಲಿ ಮಳೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದನ್ನು ಅವರಿಬ್ಬರ ಜಗಳಕ್ಕೆ ಬಿಡಬಾರದು. ಒಳಚರಂಡಿ ಇರುವ ಬಡಾವಣೆಯವರ ಕೊಳೆನೀರನ್ನು ನಗರ ಸಾಗಿಸುತ್ತದೆ. ಕಂಪೌಂಡಿನವರ ಹೂಳನ್ನೂ ನಗರವೇ ಸಾಗಿಸಲಿ, ಖರ್ಚು ಇಡೀ ಊರಿನ ನೀರಿನ ಬಿಲ್ಲಿನಲ್ಲಿ ಹಂಚಿಕೆಯಾಗಲಿ. ಕನ್ಯಾಮಾದ ಕೊಳೆ ಸೇರುವುದು ಇಡೀ ಊರು ಕುಡಿಯುವ ನೀರಿಗೇ ತಾನೆ?

ತೆಗೆದ ಹೂಳಿಗೆ ಜಾಗವೂ ಬೇಕು. ಶುದ್ಧೀಕರಣ ಘಟಕ ದೂರವಿದ್ದರೆ ಕೈಗಾಡಿಯವರು ಅಲ್ಲಿವರೆಗೆ ಹೋಗಲಾರರು. ಹತ್ತಿರದಲ್ಲೇ ಸುರಿಯುವ, ಅಲ್ಲಿಂದ ಲಾರಿಯಲ್ಲಿ ಮುಂದಕ್ಕೆ ಕಳಿಸುವ ತಾಣ ಇರಬೇಕು. ಅದಕ್ಕೆ ನೆಲ ಹುಡುಕುವುದೇ ಕಷ್ಟ, ಯಾರಿಗೂ ತಮ್ಮ ಮನೆ ಪಕ್ಕ ಬೇಡ. ಆದ್ದರಿಂದ ಹೊಸ ಕಂಪೌಂಡ್‌ಗಳು ಬೆಳೆಯುತ್ತಿರುವ ಕಡೆ, ಮನೆಗಳು ಒತ್ತೊತ್ತಾಗುವ ಮೊದಲೇ, ನೀರಿನ ಟ್ಯಾಂಕಿಗೆ ಜಾಗ ಗುರುತಿಸುವಾಗಲೇ ಹೂಳಿಗೂ ಜಾಗ ಗುರುತಿಸಿ ಇಡಬೇಕು. ನಗರಸಭೆ ಈಗಲೇ ಮಾಡಬಹುದಾದ ಕೆಲಸ ಅದು.

ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದ. ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.