ಚೀಲ ತೆರೆದು ತೋರಿಸಿ

ಕೇಳುಗರಿಗೆ ನಮಸ್ಕಾರ.

ಬೆಳಗಿನ ಪಾಳಿಗೆ ಇನ್ನು ಇಪ್ಪತ್ತು ನಿಮಿಷ ಇದೆ. ಅಣು ವಿದ್ಯುತ್ ಸ್ಥಾವರದ ಗೇಟಿನಲ್ಲಿ ಉದ್ದನೆಯ ಸಾಲು. ಮುಂದೆ ನಿಂತವನು ಬೆಲ್ಟ್ ಬಿಚ್ಚಿ ಸುರುಳಿ ಸುತ್ತಿ ಟ್ರೇಯಲ್ಲಿಟ್ಟಿದ್ದಾನೆ. ಪಕ್ಕದಲ್ಲಿ ಕೀಲಿಗೊಂಚಲು, ಕನ್ನಡಕದ ಡಬ್ಬಿ, ಒಂದಿಷ್ಟು ಚಿಲ್ಲರೆ. ಅವನ ಚೀಲ ರಬ್ಬರ್ ಪಟ್ಟಿಗಳನ್ನು ಸರಿಸಿಕೊಂಡು ಎಕ್ಸ್-ರೇ ಯಂತ್ರದೊಳಗೆ ಹೋಗುತ್ತದೆ. ಆ ಕಡೆ ಕುಳಿತವನ ಪರದೆಯ ಮೇಲೆ ಕೀಲಿ, ಚಮಚಗಳೆಲ್ಲ ನೀಲಿಯಾಗಿಯೂ ಊಟ ಕಿತ್ತಳೆ ಬಣ್ಣದ ಮುದ್ದೆಯಾಗಿಯೂ ಕಾಣಿಸುತ್ತವೆ. ಈ ಕಿತ್ತಳೆಯೇ ತಲೆನೋವು. ಆ ಯಂತ್ರ ಹಗುರ ಧಾತುಗಳಿಂದಾದ ಪದಾರ್ಥಗಳಿಗೆಲ್ಲ ಅದೇ ಬಣ್ಣ ಬಳಿಯುತ್ತದೆ. ಅನ್ನಕ್ಕೂ ಸಾಬೂನಿಗೂ ಅದೇ, ಪ್ಲಾಸ್ಟಿಕ್ ಸ್ಫೋಟಕಕ್ಕೂ ಅದೇ. ಆದ್ದರಿಂದಲೇ ಕಾವಲುಗಾರ ಹೇಳುತ್ತಾನೆ: "ಚೀಲ ತೆರೆದು ತೋರಿಸಿ."

ನಾನು ಉಪಕರಣ ದುರಸ್ತಿಯ ಕೆಲಸದವನು. ಗುತ್ತಿಗೆಯ ಮೇಲೆ ಹೋಗಿ ಇಂಥ ಸಾಲುಗಳಲ್ಲಿ ಸಾಕಷ್ಟು ಸಲ ನಿಂತಿದ್ದೇನೆ. ಮೊದಲ ವಾರ ಮೈಯೆಲ್ಲ ಉರಿಯುತ್ತಿತ್ತು. ನಿನ್ನೆ ಸಂಜೆ ನಗುತ್ತ ಕೈಬೀಸಿದವನು ಇಂದು ಬೆಳಿಗ್ಗೆ ಗುರುತೇ ಇಲ್ಲದವನಂತೆ ಕಾರ್ಡು ಕೇಳಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನನ್ನನ್ನೇನು ಕಳ್ಳನೆಂದುಕೊಂಡಿದ್ದೀರಾ ಎಂದು ಒಮ್ಮೆ ಕೇಳಿಯೂಬಿಟ್ಟೆ. ಆತ ಮುಖ ಗಂಟಿಕ್ಕಲಿಲ್ಲ. "ನಿನ್ನೆ ಸಂಜೆಯಿಂದ ಈ ಹೊತ್ತಿನವರೆಗೆ ಈ ಚೀಲ ಎಲ್ಲೆಲ್ಲಿತ್ತು ಅಂತ ನನಗೆ ಗೊತ್ತಿಲ್ಲವಲ್ಲ ಸಾರ್" ಎಂದ. ನನಗಾದರೂ ಪೂರ್ತಿ ಗೊತ್ತಿತ್ತೇ? ಬಸ್ಸಿನಲ್ಲಿ ಅದನ್ನು ಸೀಟಿನ ಕೆಳಗೆ ತಳ್ಳಿ ನಿದ್ದೆ ಹೋಗಿದ್ದೆ.

ಆ ಮಾತಿನ ತೂಕ ತಿಳಿಯಬೇಕಾದರೆ ಅಮೆರಿಕದ ಅರಿಜೋನಾದಲ್ಲಿರುವ ಪಾಲೋ ವರ್ಡೆ ಸ್ಥಾವರದ ಪ್ರಸಂಗ ನೋಡಬೇಕು. 2007ರ ನವೆಂಬರ್‌ನಲ್ಲಿ ಗುತ್ತಿಗೆ ನೌಕರನೊಬ್ಬ ಎಂದಿನಂತೆ ತನ್ನ ಪಿಕಪ್ ವಾಹನದಲ್ಲಿ ಕೆಲಸಕ್ಕೆ ಬಂದ. ಹೊರಗಿನ ತಪಾಸಣೆಯಲ್ಲೇ, ವಾಹನದ ಹಿಂಬದಿಯಲ್ಲಿ ಎರಡೂ ತುದಿ ಮುಚ್ಚಿದ ಒಂದು ಸಣ್ಣ ಕೊಳವೆ ಸಿಕ್ಕಿತು. ನಾಟು ಬಾಂಬು. ಸ್ಥಾವರದ ಬಾಗಿಲುಗಳನ್ನೆಲ್ಲ ಮುಚ್ಚಿದರು. ಅದು ಅಲ್ಲಿಗೆ ಹೇಗೆ ಬಂತೆಂದು ತನಗೆ ತಿಳಿಯದು ಎಂದು ಆತ ಹೇಳಿದ. ಪೊಲೀಸರು ವಿಚಾರಿಸಿ ಬಿಟ್ಟು ಕಳಿಸಿದರು.

ಗೇಟಿನಲ್ಲಿ ಹುಡುಕುವುದು ಮುಖ್ಯವಾಗಿ ಮೂರು ವಸ್ತುಗಳನ್ನು: ಬಂದೂಕು, ಸ್ಫೋಟಕ, ಬೆಂಕಿ ಹಚ್ಚುವ ಸಾಮಗ್ರಿ. ಅಮೆರಿಕದ ನಿಯಮಾವಳಿಯೂ ಈ ಮೂರನ್ನು ಹೆಸರಿಸಿಯೇ ಹೇಳುತ್ತದೆ. ಅದೇ ನಿಯಮದಲ್ಲಿ ನನಗೆ ಬಹಳ ಹಿಡಿಸಿದ ಒಂದು ಅಂಶವಿದೆ. ಒಳಗೆ ಬಿಡುವ ಕಟ್ಟಕಡೆಯ ಅಧಿಕಾರ ಯಾರ ಕೈಯಲ್ಲಿದೆಯೋ ಆ ಕಾವಲುಗಾರ ಗುಂಡು ತೂರದ ಕೋಣೆಯೊಳಗೆ ಪ್ರತ್ಯೇಕವಾಗಿ ಕುಳಿತಿರಬೇಕು. ಹೊರಗಿರುವವರೆಲ್ಲರ ಹಣೆಗೆ ಯಾರಾದರೂ ಬಂದೂಕು ಹಿಡಿದರೂ ಬಾಗಿಲು ತೆರೆಯುವ ಗುಂಡಿ ಅವರ ಕೈಗೆ ಸಿಗಬಾರದು. ಮಸುಕು ಗಾಜಿನ ಹಿಂದೆ ಮಾತಿಲ್ಲದೆ ಕುಳಿತ ಆ ಮನುಷ್ಯನನ್ನು ಕಂಡು, ಎಂಥ ಜಂಬದವನಪ್ಪ ಎಂದುಕೊಂಡಿದ್ದೆ. ವಿಷಯ ತಿಳಿದ ಮೇಲೆ ನಾಚಿಕೆಯಾಯಿತು.

ಇಷ್ಟೆಲ್ಲ ಇದ್ದೂ ಗೇಟು ಸೋತದ್ದುಂಟು. ದಕ್ಷಿಣ ಆಫ್ರಿಕದ ಕೇಪ್‌ಟೌನ್ ಸಮೀಪ ಕೂಬರ್ಗ್ ಸ್ಥಾವರದ ನಿರ್ಮಾಣ ಮುಗಿಯುತ್ತ ಬಂದಿದ್ದ ಕಾಲ. ಅಲ್ಲಿ ಕೆಲಸಕ್ಕಿದ್ದ ರಾಡ್ನಿ ವಿಲ್ಕಿನ್ಸನ್ ವರ್ಣಭೇದ ಸರ್ಕಾರದ ವಿರೋಧಿ. ಮೊದಲು ಆತ ಸ್ಥಾವರದ ನಕ್ಷೆಗಳನ್ನು ಹೊರಗೆ ಸಾಗಿಸಿ, ಆ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿಗೆ ತಲುಪಿಸಿದ. ಆಮೇಲೆ ನಾಲ್ಕು ಲಿಂಪೆಟ್ ಮೈನುಗಳನ್ನು, ಅಂದರೆ ಲೋಹಕ್ಕೆ ಅಯಸ್ಕಾಂತದಿಂದ ಅಂಟಿಸುವ ಬಾಂಬುಗಳನ್ನು, ಕಾರಿನ ಗುಪ್ತ ಅರೆಯಲ್ಲಿ ಅಡಗಿಸಿ ಒಳಗೆ ತಂದ. ಒಂದೇ ಸಲಕ್ಕಲ್ಲ, ಒಂದೊಂದಾಗಿ, ದಿನವೂ ಕೆಲಸಕ್ಕೆ ಬರುವವನ ಸಹಜ ನಡಿಗೆಯಲ್ಲಿ. 1982ರ ಡಿಸೆಂಬರ್ 17 ಆತನ ಕೆಲಸದ ಕೊನೆಯ ದಿನ. ಮೈನುಗಳನ್ನು ಇಡಬೇಕಾದಲ್ಲಿ ಇಟ್ಟು, ಸುಮಾರು ಒಂದು ದಿನದ ನಂತರ ಸಿಡಿಯುವಂತೆ ಮಾಡಿ, ಸಹೋದ್ಯೋಗಿಗಳು ಏರ್ಪಡಿಸಿದ್ದ ಬೀಳ್ಕೊಡುಗೆಯಲ್ಲಿ ಅವರೊಂದಿಗೆ ಕುಡಿದು, ಹೊರಟುಹೋದ. ಮರುದಿನದಿಂದ ಒಂದರ ಹಿಂದೊಂದರಂತೆ ನಾಲ್ಕೂ ಸಿಡಿದವು. ರಿಯಾಕ್ಟರಿಗೆ ಇನ್ನೂ ಇಂಧನ ತುಂಬಿರಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಯಾರಿಗೂ ಏನೂ ಆಗದಿರಲೆಂದೇ ಆತ ದಿನವನ್ನು ಆರಿಸಿಕೊಂಡಿದ್ದ. ಸ್ಥಾವರದ ಕೆಲಸ ಮಾತ್ರ ಸುಮಾರು ಒಂದೂವರೆ ವರ್ಷ ಹಿಂದೆ ಬಿತ್ತು.

ಆತನ ರಾಜಕೀಯದ ನ್ಯಾಯ ಅನ್ಯಾಯಗಳನ್ನು ಪಕ್ಕಕ್ಕಿಡೋಣ. ಕಾವಲುಗಾರನ ಕಣ್ಣಿನಿಂದ ನೋಡಿದರೆ ನಡೆದದ್ದು ಬಹಳ ಸರಳ: ಪರಿಚಯ. ಮುಖ ಪರಿಚಯವಾದಷ್ಟೂ ತಪಾಸಣೆ ತೆಳುವಾಗುತ್ತದೆ. ದಿನವೂ ಬರುವವನು ತಾನೇ ಎನ್ನುವ ಮಾತೊಂದು ಗೇಟಿನ ಎಲ್ಲ ಯಂತ್ರಗಳನ್ನೂ ಕೆಡಿಸಬಲ್ಲದು. ನನಗೆ ಸಿಟ್ಟು ಬರಿಸಿದ್ದ ಆ ಗುರುತಿಲ್ಲದ ಮುಖಭಾವ ಬೇಕಾದದ್ದು ಇದಕ್ಕೇ.

ಇನ್ನೊಂದು ಬಗೆಯ ಪ್ರಕರಣಗಳಿವೆ. ಅವುಗಳಲ್ಲಿ ಚೀಲವೇ ಇಲ್ಲ. 2014ರ ಆಗಸ್ಟಿನಲ್ಲಿ ಬೆಲ್ಜಿಯಂನ ಡೂಲ್ ಸ್ಥಾವರದ ನಾಲ್ಕನೆಯ ಘಟಕದಲ್ಲಿ ಯಾರೋ ಒಂದು ಕವಾಟ ತಿರುಗಿಸಿದರು. ಟರ್ಬೈನಿಗೆ ಜಾರುವಿಕೆ ಕೊಡುವ ಸುಮಾರು 65,000 ಲೀಟರ್ ಎಣ್ಣೆ ಭೂಗತ ತೊಟ್ಟಿಗೆ ಹರಿದುಹೋಯಿತು. ಎಣ್ಣೆಯಿಲ್ಲದೆ ತಿರುಗಿದ ಟರ್ಬೈನ್ ಕಾದು ಹಾಳಾಯಿತು. ಘಟಕ ಮತ್ತೆ ಶುರುವಾಗುವಷ್ಟರಲ್ಲಿ ಡಿಸೆಂಬರ್ ಬಂದಿತ್ತು. ಅದಕ್ಕೂ ಮೊದಲು 1979ರಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿರುವ 'ಸರಿ' (Surry) ಎಂಬ ಹೆಸರಿನ ಸ್ಥಾವರದಲ್ಲಿ ತರಬೇತಿಯಲ್ಲಿದ್ದ ಇಬ್ಬರು ನೌಕರರು ಅರವತ್ತಕ್ಕೂ ಹೆಚ್ಚು ಹೊಸ ಇಂಧನ ಕಟ್ಟುಗಳ ಮೇಲೆ ಕಾಸ್ಟಿಕ್ ಸೋಡಾ ಸುರಿದರು. ಭದ್ರತೆ ಎಷ್ಟು ಸಡಿಲವಾಗಿದೆ ಎಂದು ತೋರಿಸಲು ಹಾಗೆ ಮಾಡಿದೆವು ಎಂಬುದು ಅವರ ಸಮರ್ಥನೆ. ಕೈಗಾದಲ್ಲಿ 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಬೆರೆತ, ರಿಯಾಕ್ಟರಿನಲ್ಲಿ ಬಳಸುವ ಭಾರಜಲ ಸೇರಿತ್ತು. ಐವತ್ತರಷ್ಟು ನೌಕರರ ಮೈ ಸೇರಿದ ಮೇಲೆ, ವಾಡಿಕೆಯ ಮೂತ್ರ ಪರೀಕ್ಷೆಯಲ್ಲಿ ಅದು ಬಯಲಾಯಿತು. ಒಳಗಿನವರದೇ ಕೈವಾಡ ಎಂದು ಅಧಿಕಾರಿಗಳೇ ಹೇಳಿದರು. ಇವುಗಳಲ್ಲಿ ಯಾವುದಕ್ಕೂ ಗೇಟಿನಾಚೆಯಿಂದ ಆಯುಧ ತರಬೇಕಾಗಿರಲಿಲ್ಲ. ಒಂದು ಕವಾಟ, ಒಂದು ರಾಸಾಯನಿಕ, ಒಂದು ಕೂಲರು ಸಾಕಾಯಿತು.

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಒಳಗಿನವನಿಂದ ಬರುವ ಅಪಾಯವನ್ನು ವಿವರಿಸುವಾಗ ಅವನ ಬಳಿ ಇರುವ ಮೂರನ್ನು ಎತ್ತಿ ಹೇಳುತ್ತದೆ: ಒಳಗೆ ಹೋಗುವ ಅವಕಾಶ, ಅಧಿಕಾರ, ತಿಳಿವಳಿಕೆ. ಈ ಮೂರರಲ್ಲಿ ಒಂದೂ ಎಕ್ಸ್-ರೇ ಪರದೆಯ ಮೇಲೆ ಮೂಡುವುದಿಲ್ಲ. ಹಾಗಾಗಿಯೇ ಕೆಲಸಕ್ಕೆ ಸೇರುವ ಮೊದಲು ಪೂರ್ವಾಪರ ವಿಚಾರಣೆ, ಅಪರಾಧ ದಾಖಲೆಯ ಪರಿಶೀಲನೆ, ಮನೋವೈಜ್ಞಾನಿಕ ಪರೀಕ್ಷೆಗಳನ್ನು ಇಟ್ಟಿರುತ್ತಾರೆ. ಅಮೆರಿಕದಲ್ಲಿ ವರ್ಷಕ್ಕೆ ನೌಕರರ ಸಂಖ್ಯೆಯ ಕನಿಷ್ಠ ಅರ್ಧದಷ್ಟು ಮಾದಕವಸ್ತು ಮತ್ತು ಮದ್ಯದ ಪರೀಕ್ಷೆಗಳನ್ನು ಮುನ್ಸೂಚನೆಯಿಲ್ಲದೆ, ಚೀಟಿ ಎತ್ತಿದಂತೆ ಹೆಸರು ಎತ್ತಿ ನಡೆಸುತ್ತಾರೆ. ನನ್ನ ಹೆಸರೂ ಒಮ್ಮೆ ಹಾಗೆ ಬಂದಿತ್ತು. ಲೋಟ ಹಿಡಿದು ನಿಂತಾಗ ಮನುಷ್ಯನ ಗತ್ತು ಎಷ್ಟು ಬೇಗ ಇಳಿಯುತ್ತದೆ ಎಂಬುದು ಅನುಭವಿಸಿದವನಿಗೇ ಗೊತ್ತು.

ಪೂರ್ವಾಪರ ವಿಚಾರಣೆಯ ಮೇಲೆ ನನಗೆ ಅಷ್ಟಾಗಿ ಭರವಸೆಯಿಲ್ಲ. ಅದು ಹಳೆಯ ಫೋಟೋ ಇದ್ದಂತೆ. ತೆಗೆದ ದಿನ ನಿಜವಾಗಿತ್ತು. ಆಮೇಲೆ ಸಾಲ ಬಂದಿರಬಹುದು, ಬಡ್ತಿ ತಪ್ಪಿರಬಹುದು, ಯಾರೋ ಬೆದರಿಸಿರಬಹುದು. ಮುಖ್ಯ ಕೋಣೆಗಳಿಗೆ ಒಬ್ಬರೇ ಹೋಗಬಾರದು, ಇಬ್ಬರು ಒಬ್ಬರನ್ನೊಬ್ಬರು ನೋಡುತ್ತಿರುವಂತೆ ಕೆಲಸ ಮಾಡಬೇಕು ಎಂಬ ನಿಯಮ ಹೆಚ್ಚು ಬಾಳುತ್ತದೆ. ಡೂಲ್‌ನಲ್ಲಿ ಆ ಘಟನೆಯ ನಂತರ ಈ ನಿಯಮವನ್ನೂ ಹೆಚ್ಚುವರಿ ಕ್ಯಾಮೆರಾಗಳನ್ನೂ ತಂದರು.

ಹಾಗಾದರೆ ಚೀಲ ತಡಕುವುದು ಬರಿಯ ನಾಟಕವೇ? ಅಲ್ಲ. ಆದರೆ ಅದು ನಾಟಕವಾಗುವುದು ಬಹಳ ಸುಲಭ. ಇಂಧನ ಬದಲಿಸಲು ಘಟಕ ನಿಲ್ಲಿಸಿದಾಗ ನೂರಾರು ಗುತ್ತಿಗೆ ನೌಕರರು ಒಮ್ಮೆಗೇ ಬಂದಿಳಿಯುತ್ತಾರೆ. ಸಾಲು ಬೆಳೆಯುತ್ತದೆ, ಮೇಲಿನವರು ಗಡಿಯಾರ ನೋಡುತ್ತಾರೆ, ಪರದೆಯ ಮುಂದಿನವನಿಗೆ ಒಂದು ಚೀಲಕ್ಕೆ ಕೆಲವೇ ಕ್ಷಣ ಉಳಿಯುತ್ತದೆ. ಅಂಥ ಒಂದು ಬೆಳಿಗ್ಗೆ ಹಿರಿಯ ಅಧಿಕಾರಿಯೊಬ್ಬರು ಸಾಲಿನ ಪಕ್ಕದಿಂದ ನೇರವಾಗಿ ಬಂದರು. ಕಾವಲುಗಾರ ಎದ್ದು ನಿಂತು, ಕೈಯಿಂದ ಸಾಲಿನ ಹಿಂದಿನ ತುದಿ ತೋರಿಸಿದ. ಅವರು ಒಂದು ಕ್ಷಣ ನಿಂತರು, ಆಮೇಲೆ ಹಿಂದಕ್ಕೆ ನಡೆದು ಒಬ್ಬ ವೆಲ್ಡರಿನ ಬೆನ್ನ ಹಿಂದೆ ನಿಂತರು. ಆ ದಿನದ ಮೇಲೆ ನಮ್ಮ ತಂಡದಲ್ಲಿ ಗೇಟಿನ ಬಗ್ಗೆ ಗೊಣಗಿದವರು ಕಡಿಮೆ.

ಹೊರಗೆ ಬರುವಾಗಿನ ಗೇಟಿನ ಕೆಲಸ ಬೇರೆ. ಅಲ್ಲಿ ಆಳೆತ್ತರದ ಚೌಕಟ್ಟಿನೊಳಗೆ ನಿಂತು, ತೂತುಗಳಲ್ಲಿ ಕೈ ಇಟ್ಟು, ಮೈಮೇಲೆ ವಿಕಿರಣದ ಧೂಳು ಅಂಟಿಲ್ಲವೆಂದು ಯಂತ್ರಕ್ಕೆ ತೋರಿಸಬೇಕು. ಹೃದಯದ ಸ್ಕ್ಯಾನಿಗೆಂದು ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತು ಚುಚ್ಚಿಸಿಕೊಂಡ ಮರುದಿನ ಕೆಲಸಕ್ಕೆ ಬಂದವರೂ ಅದನ್ನು ಕೂಗಿಸಿಬಿಡುತ್ತಾರೆ. ಪೆನ್ಸಿಲ್ವೇನಿಯಾದ ಲಿಮೆರಿಕ್ ಸ್ಥಾವರದಲ್ಲಿ 1984ರ ಡಿಸೆಂಬರ್‌ನಲ್ಲಿ ಒಬ್ಬ ಇಂಜಿನಿಯರ್ ಪ್ರತಿದಿನ ಇದನ್ನು ಕೂಗಿಸುತ್ತಿದ್ದ. ಸ್ಥಾವರ ಇನ್ನೂ ಕೆಲಸವನ್ನೇ ಆರಂಭಿಸಿರಲಿಲ್ಲ. ರೋಸಿಹೋದ ಆತ ಒಂದು ಬೆಳಿಗ್ಗೆ ಒಳಗೆ ಕಾಲಿಟ್ಟವನೇ ಎಲ್ಲಿಗೂ ಹೋಗದೆ ನೇರವಾಗಿ ಚೌಕಟ್ಟಿನೊಳಗೆ ನಿಂತ. ಯಂತ್ರ ಕೂಗಿತು. ಅಂದರೆ ವಿಕಿರಣ ಆತನ ಮನೆಯಿಂದಲೇ ಬರುತ್ತಿತ್ತು. ಮನೆಯಡಿಯ ನೆಲದಿಂದ ಒಸರಿದ ರೇಡಾನ್ ಎಂಬ ವಿಕಿರಣಶೀಲ ಅನಿಲ, ಅಮೆರಿಕದ ಪರಿಸರ ಸಂಸ್ಥೆ ಆಮೇಲೆ ನಿಗದಿ ಮಾಡಿದ ಮಟ್ಟಕ್ಕಿಂತ ಆರುನೂರು ಪಟ್ಟಿಗೂ ಹೆಚ್ಚಿತ್ತು. ಆ ಕುಟುಂಬ ಕೆಲವು ತಿಂಗಳು ಬೇರೆಡೆ ಇದ್ದು, ಮನೆ ಸರಿಪಡಿಸಿದ ಮೇಲೆ ವಾಪಸು ಬಂತು.

ನಮಸ್ಕಾರ.