ಹಿಮಕ್ಕೆ ಜಾಗ ಎಲ್ಲಿ?

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟ ಮೇಷ್ಟ್ರು ನನ್ನನ್ನು ಹಿಮದ ನಾಡಿನ ತಜ್ಞ ಅಂದುಬಿಟ್ಟರು. ತಜ್ಞನೇನಲ್ಲ, ಹನ್ನೊಂದು ಚಳಿಗಾಲ ಸಲಿಕೆ ಹಿಡಿದ ತೀರ್ಥಹಳ್ಳಿಯವನು, ಅಷ್ಟೆ. ಮಳೆಗೆ ಹುಟ್ಟಿ ಹಿಮಕ್ಕೆ ಹೋಗಿ ಸೇರಿದವನು.

ನಾನಿರುವ ಊರಿನ ಹೆಸರು ಹೋಟನ್. ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ತುದಿಯಲ್ಲಿ, ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡ ಕೀವನಾ ಅನ್ನುವ ನೆಲದಲ್ಲಿದೆ. ಜನಸಂಖ್ಯೆ 8 ಸಾವಿರದ ಚಿಲ್ಲರೆ. ಮಿಷಿಗನ್ ಟೆಕ್ ವಿಶ್ವವಿದ್ಯಾಲಯದ ಹುಡುಗರನ್ನು ಬಿಟ್ಟರೆ ಉಳಿಯುವವರು ಕಡಿಮೆ. ಒಂದು ಕಾಲಕ್ಕೆ ತಾಮ್ರದ ಗಣಿಗಳಿದ್ದ ಸೀಮೆ. ವಾಯವ್ಯದಿಂದ ಬೀಸುವ ಒಣ ಶೀತಗಾಳಿ ಸರೋವರ ದಾಟುವಾಗ ತೇವ ಹೀರಿಕೊಂಡು, ನೆಲ ಸಿಕ್ಕ ಕೂಡಲೇ ಹಿಮವಾಗಿ ಸುರಿಯುತ್ತದೆ. ಅರಬ್ಬಿ ಸಮುದ್ರದ ಗಾಳಿ ನಮ್ಮ ಘಟ್ಟಕ್ಕೆ ಬಂದು ಮಾಡುವುದೂ ಹೆಚ್ಚುಕಡಿಮೆ ಅದನ್ನೇ.

ವರ್ಷಕ್ಕೆ ಸರಾಸರಿ 5 ಮೀಟರ್ ಹಿಮ. ಕೀವನಾದ ದಾಖಲೆ 1978–79ರ ಚಳಿಗಾಲದ್ದು: 390.4 ಇಂಚು, ಅಂದರೆ 10 ಮೀಟರಿಗೆ ಸ್ವಲ್ಪ ಕಡಿಮೆ. ಆ ಎತ್ತರ ತೋರಿಸುವುದಕ್ಕೆ ಹೆದ್ದಾರಿ ಪಕ್ಕದಲ್ಲೇ ಉಷ್ಣಮಾಪಕದ ಆಕಾರದ ದೊಡ್ಡ ಫಲಕ ನಿಲ್ಲಿಸಿದ್ದಾರೆ. ಅದರ ಬುಡದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳದ ನೆಂಟರಿಲ್ಲ.

ಈಗ ಒಂದು ಲೆಕ್ಕ ಹೇಳುತ್ತೇನೆ. ಅಲ್ಲಿನ ಹಿಮ ಹತ್ತಿಯಂತೆ ಹಗುರ. ಆ 5 ಮೀಟರನ್ನು ಕರಗಿಸಿದರೆ ಸಿಗುವ ನೀರು 300–400 ಮಿಲಿಮೀಟರ್ ಆಸುಪಾಸು. ಆಗುಂಬೆಗೆ ಅದು ಜುಲೈ ತಿಂಗಳ ಬಿಡುವಿಲ್ಲದ ಒಂದು ವಾರದ ಮಳೆ! ಅಷ್ಟಕ್ಕೆ ಒಂದು ಊರು ಆರು ತಿಂಗಳು ಒದ್ದಾಡಬೇಕೇ ಅಂತ ನೀವು ಕೇಳಬಹುದು. ಮಳೆ ನೀರಿಗೆ ಚರಂಡಿ ತೋರಿಸಿದರೆ ಸಾಕು, ತಾನೇ ಹೊಳೆಗೆ ಹೋಗುತ್ತದೆ. ಹಿಮ ಬಿದ್ದಲ್ಲೇ ಕೂರುತ್ತದೆ. ಮೊನ್ನೆಯದು ಕರಗುವ ಮೊದಲೇ ಇವತ್ತಿನದು ಬರುತ್ತದೆ. ಅಲ್ಲಿನ ಪುರಸಭೆಯ ತಲೆನೋವು ಹಿಮ ತೆಗೆಯುವುದಲ್ಲ, ತೆಗೆದದ್ದನ್ನು ಎಲ್ಲಿಡುವುದು ಅನ್ನುವುದು.

ಹಾಗಾಗಿ ಕೆಲಸ ನವೆಂಬರಿನಲ್ಲೇ ಶುರು. ಬೆಂಕಿ ನಂದಿಸುವ ನೀರಿನ ಕೊಳಾಯಿಗಳಿಗೆಲ್ಲ ಆಳೆತ್ತರದ ಕೋಲು ಕಟ್ಟುತ್ತಾರೆ, ಇಲ್ಲದಿದ್ದರೆ ಜನವರಿಯಲ್ಲಿ ಅಗೆದು ಹುಡುಕಬೇಕು. ರಾತ್ರಿ ಹೊತ್ತು ಬೀದಿಯಲ್ಲಿ ಕಾರು ನಿಲ್ಲಿಸುವಂತಿಲ್ಲ. ಹಿಮ ಬೀಳಲಿ ಬಿಡಲಿ, ಚಳಿಗಾಲ ಮುಗಿಯುವವರೆಗೂ ಇದೇ ನಿಯಮ. ಮೊದಲ ವರ್ಷ ಆಕಾಶ ನಿರ್ಮಲವಾಗಿದೆಯಲ್ಲ ಅಂತ ನಿಲ್ಲಿಸಿ ಮಲಗಿದೆ. ಬೆಳಿಗ್ಗೆ ಕಾರು ಇರಲಿಲ್ಲ, ಎಳೆದುಕೊಂಡು ಹೋಗಿದ್ದರು. ದಂಡ ಕಟ್ಟಿ ಬಿಡಿಸಿಕೊಂಡು ಬಂದೆ. ತಪ್ಪು ನನ್ನದೇ, ಆದರೂ ಆ ದುಡ್ಡು ಇವತ್ತಿಗೂ ನೆನಪಿದೆ.

ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಹಿಮ ತಳ್ಳುವ ಪ್ಲೋ ಲಾರಿ ಬರುತ್ತದೆ. ಮುಂದೆ ಓರೆಯಾಗಿ ಕಟ್ಟಿದ ಉಕ್ಕಿನ ಅಲಗು, ಪಕ್ಕದಲ್ಲಿ ರೆಕ್ಕೆಯಂಥ ಇನ್ನೊಂದು. ಅಲಗು ರಸ್ತೆ ಕೆರೆಯುವ ಸದ್ದಿಗೆ ಕಿಟಕಿ ಗಾಜು ನಡುಗುತ್ತದೆ. ಹೆದ್ದಾರಿ, ಗುಡ್ಡದ ಕಡಿದಾದ ಬೀದಿಗಳು, ಶಾಲಾ ಬಸ್ಸಿನ ದಾರಿ ಮೊದಲು. ನಮ್ಮಂಥವರ ಗಲ್ಲಿ ಕೊನೆಗೆ. ನಿಜವಾದ ಜಾಣತನ ಇರುವುದು ಆ ರೆಕ್ಕೆಯಲ್ಲಿ. ಮೊದಲ ಹಿಮಕ್ಕೇ ಅದನ್ನು ಇಳಿಸಿ ಅಂಚಿನ ದಿಬ್ಬವನ್ನು ಆದಷ್ಟು ಹಿಂದಕ್ಕೆ ತಳ್ಳುತ್ತಾರೆ. ನವೆಂಬರಿನಲ್ಲಿ ಸೋಮಾರಿತನ ಮಾಡಿದರೆ ದಿಬ್ಬ ಅಲ್ಲೇ ಕಲ್ಲಾಗಿ, ಫೆಬ್ರುವರಿಗೆ ಎರಡು ಗಾಡಿ ಹೋಗುವ ರಸ್ತೆಯಲ್ಲಿ ಒಂದೇ ಹೋಗಬೇಕಾಗುತ್ತದೆ. ಪೇಟೆ ಬೀದಿಯಲ್ಲಿ ತಳ್ಳಲು ಜಾಗವಿಲ್ಲ. ಅಲ್ಲಿ ಮಾತ್ರ ರಾತ್ರೋರಾತ್ರಿ ಲಾರಿಗೆ ತುಂಬಿಸಿ ಊರಾಚೆ ಸುರಿಯುತ್ತಾರೆ. ಊರ ಪಕ್ಕದಲ್ಲೇ ಒಂದು ಕಾಲುವೆ ಇದೆ, ಅದಕ್ಕೇ ಹಾಕಬಾರದೇ ಅನ್ನಿಸಬಹುದು. ಬೀದಿಯ ಹಿಮದ ಜೊತೆ ಉಪ್ಪು, ಮರಳು, ಎಂಜಿನ್ ಎಣ್ಣೆ ಎಲ್ಲ ಇರುತ್ತದೆ. ಅದು ನೀರಿಗೆ ಸೇರಬಾರದು.

ಇನ್ನು ಮನೆ ಮುಂದಿನ ಕಥೆ. ಒಂದು ಗಂಟೆ ಬೆವರು ಸುರಿಸಿ ಕಾರು ಹೊರಬರುವ ದಾರಿ ಬಿಡಿಸಿ, ಕಾಫಿಗೆ ಒಳಗೆ ಬರುತ್ತೀರಿ. ಅಷ್ಟರಲ್ಲಿ ಪ್ಲೋ ಹಾದುಹೋಗಿ ಆ ದಾರಿಯ ಬಾಯಿಗೆ ಅಡ್ಡಲಾಗಿ ಮೊಣಕಾಲೆತ್ತರದ ಒಡ್ಡು ಹಾಕಿರುತ್ತದೆ. ಅದು ಹಗುರ ಹಿಮವಲ್ಲ, ಒತ್ತಿ ಒತ್ತಿ ಗಟ್ಟಿಯಾದ ಉಂಡೆಗಳು. ಬೈದುಕೊಂಡು ಮತ್ತೆ ಹೊರಡಬೇಕು. ಅದನ್ನು ರಸ್ತೆಯ ಆಚೆಗೆ ತಳ್ಳುವಂತೆಯೂ ಇಲ್ಲ, ಮಿಷಿಗನ್ನಿನಲ್ಲಿ ಅದು ಕಾನೂನಿಗೆ ವಿರುದ್ಧ. ಅಲ್ಲಿನವರು ಸಲಿಕೆಗಿಂತ ಹೆಚ್ಚಾಗಿ ಬಳಸುವುದು ಅಗಲ ತಗಡಿನ ಒಂದು ಸ್ಕೂಪ್. ಎತ್ತುವ ಹಾಗಿಲ್ಲ, ಎರಡೂ ಕೈಯಲ್ಲಿ ಹಿಡಿದು ತಳ್ಳಿಕೊಂಡು ಹೋಗಿ ಮಗುಚುವುದು. ಅಂಗಳದಲ್ಲಿ ಒಣಹಾಕಿದ ಭತ್ತ ಗೋರುವ ಹಲಗೆ ನೆನಪಾಯಿತು ನನಗೆ. ಅಭ್ಯಾಸವಿದ್ದ ಕೈ, ಬೇಗ ಕಲಿತೆ.

ಉಪ್ಪಿನ ವಿಷಯ ಹೇಳಲೇಬೇಕು. ಕುಲ್ಫಿ ಗಾಡಿಯವರು ಐಸಿಗೆ ಉಪ್ಪು ಹಾಕುವುದನ್ನು ನೋಡಿದ್ದೀರಿ. ಉಪ್ಪು ಬೆರೆತ ನೀರು ಸೊನ್ನೆಗಿಂತ ಕೆಳಗೂ ಹೆಪ್ಪುಗಟ್ಟುವುದಿಲ್ಲ. ಅಮೆರಿಕದ ರಸ್ತೆಗಳಲ್ಲಿ ಇದನ್ನು ಮೊದಲು ಪ್ರಯೋಗಿಸಿದ ರಾಜ್ಯ ನ್ಯೂ ಹ್ಯಾಂಪ್‌ಶೈರ್, 1938ರಲ್ಲಿ. ನೂರಕ್ಕೆ 23 ಪಾಲು ಉಪ್ಪಿನ ದ್ರಾವಣ ಮೈನಸ್ 21 ಡಿಗ್ರಿವರೆಗೂ ನೀರಾಗಿಯೇ ಇರುತ್ತದೆ. ಅದು ಪುಸ್ತಕದ ಮಾತು. ರಸ್ತೆಯಲ್ಲಿ ಮೈನಸ್ 9–10 ದಾಟಿದರೆ ಉಪ್ಪು ಕರಗಿಸುವುದು ತೀರಾ ನಿಧಾನ, ನಮ್ಮಲ್ಲಿ ಅದಕ್ಕಿಂತ ತಣ್ಣಗಿರುವ ದಿನಗಳೇ ಎಷ್ಟೋ. ಆಗ ಮರಳೇ ಗತಿ. ಮರಳು ಏನನ್ನೂ ಕರಗಿಸುವುದಿಲ್ಲ, ಟೈರಿಗೆ ಹಿಡಿತ ಕೊಡುತ್ತದೆ. ತಾಮ್ರದ ಅದಿರು ಜಜ್ಜಿ ಉಳಿದ ಕಪ್ಪು ಪುಡಿಯನ್ನೂ ರಸ್ತೆಗೆ ಎರಚುವ ರೂಢಿ ಆ ಕಡೆ ಇದೆ. ಅದರ ಕಣಗಳಿಗೆ ಮೊನೆ ಇರುವುದರಿಂದ ಜಾರುವುದಿಲ್ಲ. ಗಣಿಗಳು ಮುಚ್ಚಿ ಎಷ್ಟೋ ವರ್ಷವಾಯಿತು, ಅದರ ಕಸ ಮಾತ್ರ ಕೆಲಸ ಮಾಡುತ್ತಲೇ ಇದೆ.

ಇದೇ ರಾಜ್ಯದ ದಕ್ಷಿಣದಲ್ಲಿ ಹಾಲೆಂಡ್ ಅಂತ ಒಂದು ಪಟ್ಟಣವಿದೆ. ಅವರು ಪೇಟೆಯ ರಸ್ತೆ, ಕಾಲುದಾರಿಗಳ ಅಡಿಯಲ್ಲಿ ಕೊಳವೆ ಹಾಸಿ, ವಿದ್ಯುತ್ ಸ್ಥಾವರದಲ್ಲಿ ವ್ಯರ್ಥವಾಗುವ ಶಾಖದಿಂದ ಕಾದ ನೀರು ಹರಿಸುತ್ತಾರೆ. 1988ರಿಂದ ನಡೆದಿದೆ. ನಮಗೂ ಮಾಡಿಕೊಡಿ ಅನ್ನುವವರು ನಮ್ಮಲ್ಲೂ ಇದ್ದಾರೆ. ಗುಡ್ಡದ ಊರಿಗೆ, 5 ಮೀಟರ್ ಹಿಮಕ್ಕೆ, 8 ಸಾವಿರ ಜನರ ತೆರಿಗೆಯಲ್ಲಿ? ನನಗಂತೂ ನಂಬಿಕೆಯಿಲ್ಲ.

ಕೊನೆಗೆ ಏಪ್ರಿಲ್ ಬರುತ್ತದೆ. ದಿಬ್ಬಗಳು ಕುಗ್ಗಿ, ಮೂರು ತಿಂಗಳು ಎರಚಿದ ಮರಳೆಲ್ಲ ಮನೆ ಮುಂದಿನ ಹುಲ್ಲಿನ ಮೇಲೆ ಉಳಿಯುತ್ತದೆ. ಅದನ್ನು ಬಾಚಿ ರಸ್ತೆ ಅಂಚಿಗೆ ತಂದರೆ ಗುಡಿಸುವ ಯಂತ್ರ ಬಂದು ಎತ್ತಿಕೊಳ್ಳುತ್ತದೆ. ಊರಾಚೆಯ ರಾಶಿ ಮಾತ್ರ ಮೇ ತಿಂಗಳಲ್ಲೂ ಇರುತ್ತದೆ, ಸುಟ್ಟ ಬೆಲ್ಲದಂತೆ ಕಪ್ಪಗೆ. ನಾನು ಈ ಸಲ ಹೊರಡುವಾಗ ಅದಿನ್ನೂ ಒಂದಾಳೆತ್ತರ ಇತ್ತು. ಈಗ ಎಷ್ಟಾಗಿದೆ ಅಂತ ನಿನ್ನೆ ಫೋನಿನಲ್ಲಿ ಮಗಳನ್ನು ಕೇಳಿದೆ. "ಅಪ್ಪ, ಸೊಂಟದವರೆಗೆ" ಅಂದಳು.